ತೊಳೆದ ಯಂತ್ರದಲ್ಲಿ ಔಷಧ ಉಳಿದಿದೆಯೇ? ಎಲ್‌ಸಿ-ಎಂಎಸ್/ಎಂಎಸ್‌ನಲ್ಲಿ ಸ್ವಾಬ್ ಪರೀಕ್ಷೆ ಮಾಡುವ ಬಗೆ

ಮಾತ್ರೆ ತಯಾರಿಸುವ ಕಾರ್ಖಾನೆಗಳಲ್ಲಿ ಒಂದೊಂದು ಔಷಧಕ್ಕೆ ಒಂದೊಂದು ಲೈನ್ ಇರುವುದು ಕಡಿಮೆ. ಇವತ್ತು ರಕ್ತದೊತ್ತಡದ ಮಾತ್ರೆಗೆ ಗ್ರಾನ್ಯುಲೇಶನ್ (ಪುಡಿಯನ್ನು ಹರಳುಗಟ್ಟಿಸುವುದು) ಮಾಡಿದ ಆರ್‌ಎಂಜಿಯಲ್ಲೇ (ಪುಡಿ ಕಲಸುವ ಯಂತ್ರದಲ್ಲೇ) ಮುಂದಿನ ವಾರ ಸಕ್ಕರೆ ಕಾಯಿಲೆಯ ಮಾತ್ರೆ ಓಡುತ್ತದೆ. ನಡುವೆ ತೊಳೆಯುತ್ತಾರೆ, ಒರೆಸುತ್ತಾರೆ, ಟಾರ್ಚ್ ಹಾಕಿ ನೋಡುತ್ತಾರೆ. ಕಣ್ಣಿಗೆ ಏನೂ ಕಾಣದಿದ್ದರೆ ಬಹುತೇಕ ಔಷಧಗಳ ಮಟ್ಟಿಗೆ ಅದು ಒಳ್ಳೆಯ ಲಕ್ಷಣವೇ. ಒಳ್ಳೆಯ ಬೆಳಕಿನಲ್ಲಿ ಸ್ಟೀಲಿನ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು 4 ಮೈಕ್ರೊಗ್ರಾಂ ಪುಡಿ ಉಳಿದಿದ್ದರೆ ಅನುಭವಿಯ ಕಣ್ಣಿಗೆ ಬೀಳುತ್ತದೆ ಎಂಬ ಅಂದಾಜು 1993ರಿಂದಲೂ ಬಳಕೆಯಲ್ಲಿದೆ. ಆದರೆ ಕಡಿಮೆ ಪ್ರಮಾಣದಲ್ಲೇ ದೇಹದ ಮೇಲೆ ಪರಿಣಾಮ ಬೀರುವ ಔಷಧಗಳಿಗೆ ಲಿಮಿಟ್ (ಉಳಿಯಬಹುದಾದ ಗರಿಷ್ಠ ಪ್ರಮಾಣ) ಇದಕ್ಕಿಂತ ನೂರಾರು ಪಟ್ಟು ಕೆಳಗಿರುತ್ತದೆ. ಅಲ್ಲಿ ಕಣ್ಣನ್ನೂ ನಂಬುವಂತಿಲ್ಲ, ಮಾಮೂಲಿ ಎಚ್‌ಪಿಎಲ್‌ಸಿಯ (ದ್ರಾವಣದಲ್ಲಿನ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದ) ಯುವಿ ಡಿಟೆಕ್ಟರನ್ನೂ ನಂಬುವಂತಿಲ್ಲ. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕಾಗುವುದು ಅಲ್ಲಿ. ಎಚ್‌ಪಿಎಲ್‌ಸಿಯಂಥ ಬೇರ್ಪಡಿಕೆಯ ಬೆನ್ನಿಗೆ ಇದನ್ನು ಜೋಡಿಸಿದ್ದೇ ಎಲ್‌ಸಿ-ಎಂಎಸ್/ಎಂಎಸ್; ಯಂತ್ರದ ಮೈ ಒರೆಸಿ ಸ್ಯಾಂಪಲ್ ತೆಗೆಯುವ ಕಡ್ಡಿಯೇ ಸ್ವಾಬ್.

ಒಂದು ವಿಷಯವನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ರಿಪೋರ್ಟಿನಲ್ಲಿ "ಪತ್ತೆಯಾಗಿಲ್ಲ" ಎಂದು ಬರೆಯಲು ಯಾರಿಗೂ ಕಷ್ಟವಿಲ್ಲ. ಉಳಿಕೆ ಇದ್ದಿದ್ದರೆ ನಮ್ಮ ಕೈಗೆ ಸಿಕ್ಕೇ ಸಿಗುತ್ತಿತ್ತು ಎಂದು ತೋರಿಸುವುದು ಕಷ್ಟ. ಕೆಳಗಿನ ಕೆಲಸವೆಲ್ಲ ಅದಕ್ಕಾಗಿಯೇ.

ಮೊದಲು ಲಿಮಿಟ್ ಲೆಕ್ಕ

ಹಿಂದೆಲ್ಲ ಮುಂದಿನ ಔಷಧದಲ್ಲಿ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಭಾಗ) ಮೀರಬಾರದು, ಇಲ್ಲವೇ ಚಿಕಿತ್ಸೆಯ ಡೋಸಿನ ಸಾವಿರದ ಒಂದು ಭಾಗ ಮೀರಬಾರದು ಎಂಬ ಲೆಕ್ಕ ನಡೆಯುತ್ತಿತ್ತು. ಅಮೆರಿಕದ ಎಫ್‌ಡಿಎ 1993ರಲ್ಲಿ ತಂದ ಕ್ಲೀನಿಂಗ್ ವ್ಯಾಲಿಡೇಶನ್ (ತೊಳೆಯುವ ಕ್ರಮ ಸರಿಯೆಂದು ಸಾಬೀತುಪಡಿಸುವುದು) ತಪಾಸಣಾ ಮಾರ್ಗದರ್ಶಿಯಲ್ಲೂ ಇವು ಉದಾಹರಣೆಯಾಗಿ ಬರುತ್ತವೆ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಇಎಂಎ 2014ರಲ್ಲಿ ಹೊರಡಿಸಿ 2015ರಿಂದ ಜಾರಿಗೆ ತಂದ ಮಾರ್ಗದರ್ಶಿ ಲೆಕ್ಕದ ಬುಡವನ್ನೇ ಬದಲಿಸಿತು. ಈಗ ಆಧಾರ ಪಿಡಿಇ, ಅಂದರೆ ಒಬ್ಬ ಮನುಷ್ಯ ಜೀವನವಿಡೀ ದಿನಾ ತೆಗೆದುಕೊಂಡರೂ ತೊಂದರೆಯಾಗದ ಪ್ರಮಾಣ. ಪ್ರಾಣಿಗಳ ಮೇಲೆ ಯಾವ ದುಷ್ಪರಿಣಾಮವೂ ಕಾಣದ ಡೋಸನ್ನು 50 ಕೆಜಿ ದೇಹತೂಕದಿಂದ ಗುಣಿಸಿ, ಐದು ಸುರಕ್ಷತಾ ಅಂಶಗಳಿಂದ ಭಾಗಿಸಿ ಇದನ್ನು ಪಡೆಯುತ್ತಾರೆ. ಇದು ಟಾಕ್ಸಿಕಾಲಜಿ ಬಲ್ಲವರ ಕೆಲಸ. ಲ್ಯಾಬಿನವರು ಅಂತರ್ಜಾಲದಲ್ಲಿ ಸಿಕ್ಕ ಸಂಖ್ಯೆಯನ್ನು ತಂದು ಹಾಕಬಾರದು. ಸಹಿ ಇರುವ ಪಿಡಿಇ ವರದಿ ಕೈಯಲ್ಲಿರಲಿ.

ಒಂದು ಲೆಕ್ಕ ಹಾಕಿ ನೋಡೋಣ. ಈಗ ಮುಗಿದ ಔಷಧದ ಪಿಡಿಇ ದಿನಕ್ಕೆ 0.05 ಮೈಕ್ರೊಗ್ರಾಂ ಎಂದಿಟ್ಟುಕೊಳ್ಳಿ. ಮುಂದಿನ ಔಷಧದ ಕನಿಷ್ಠ ಬ್ಯಾಚ್ 30 ಕೆಜಿ. ರೋಗಿ ದಿನಕ್ಕೆ ಹೆಚ್ಚೆಂದರೆ 600 ಮಿ.ಗ್ರಾಂ ತೂಕದ ಎರಡು ಮಾತ್ರೆ, ಅಂದರೆ 1.2 ಗ್ರಾಂ ತೆಗೆದುಕೊಳ್ಳುತ್ತಾನೆ. 30 ಕೆಜಿಯನ್ನು 1.2 ಗ್ರಾಂನಿಂದ ಭಾಗಿಸಿದರೆ 25,000 ದಿನದ ಡೋಸುಗಳು. ಇದನ್ನು 0.05ರಿಂದ ಗುಣಿಸಿದರೆ 1,250 ಮೈಕ್ರೊಗ್ರಾಂ. ಇಡೀ ಲೈನಿನಿಂದ ಮುಂದಿನ ಬ್ಯಾಚಿಗೆ ಸಾಗಬಹುದಾದ ಗರಿಷ್ಠ ಉಳಿಕೆ ಇಷ್ಟೇ. ಎರಡೂ ಔಷಧಗಳು ಮುಟ್ಟುವ ಯಂತ್ರಭಾಗಗಳ ಒಟ್ಟು ಮೇಲ್ಮೈ 1,25,000 ಚದರ ಸೆಂ.ಮೀ. ಆಗಿದ್ದರೆ, ಚದರ ಸೆಂಟಿಮೀಟರಿಗೆ 10 ನ್ಯಾನೊಗ್ರಾಂ. 25 ಚದರ ಸೆಂ.ಮೀ. ಸ್ವಾಬ್ ಮಾಡಿದರೆ 250 ನ್ಯಾನೊಗ್ರಾಂ. ಅದನ್ನು 5 ಮಿ.ಲೀ. ದ್ರಾವಕಕ್ಕೆ ಇಳಿಸಿದರೆ ಮಿ.ಲೀ.ಗೆ 50 ನ್ಯಾನೊಗ್ರಾಂ.

ಕಣ್ಣಿಗೆ ಕಾಣುವ ಮಟ್ಟಕ್ಕಿಂತ ಇದು 400 ಪಟ್ಟು ಕಡಿಮೆ. ಯುವಿಯಲ್ಲಿ ಇಷ್ಟು ಸಣ್ಣ ಪೀಕು (ಗ್ರಾಫಿನಲ್ಲಿ ವಸ್ತುವನ್ನು ತೋರುವ ಉಬ್ಬು) ಸ್ವಾಬ್ ಬಟ್ಟೆಯಿಂದಲೇ ಬರುವ ಪೀಕುಗಳ ನಡುವೆ ಕಳೆದುಹೋಗುತ್ತದೆ. ಎಲ್‌ಸಿ-ಎಂಎಸ್/ಎಂಎಸ್‌ನ ಟ್ರಿಪಲ್ ಕ್ವಾಡ್ರುಪೋಲ್ ಮಾಸ್ ಸ್ಪೆಕ್ಟ್ರೋಮೀಟರಿಗೆ ಇದು ಸಲೀಸು. ಹಾಗೆಂದು ಎಲ್ಲವನ್ನೂ ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕಬೇಕಿಲ್ಲ. ಲಿಮಿಟ್ ಚದರ ಸೆಂಟಿಮೀಟರಿಗೆ 1 ಮೈಕ್ರೊಗ್ರಾಂ ಆಸುಪಾಸಿನಲ್ಲಿದ್ದು, ಔಷಧ ಯುವಿ ಬೆಳಕನ್ನು ಚೆನ್ನಾಗಿ ಹೀರುವಂಥದ್ದಾದರೆ ಎಚ್‌ಪಿಎಲ್‌ಸಿಯೇ ಸಾಕು.

ಎಲ್ಲಿ ಸ್ವಾಬ್ ತೆಗೆಯಬೇಕು

ತೊಳೆಯಲು ಎಲ್ಲಿ ಕಷ್ಟವೋ ಅಲ್ಲಿ. ಆರ್‌ಎಂಜಿಯಲ್ಲಿ ಇಂಪೆಲ್ಲರ್ ಬ್ಲೇಡಿನ ಅಡಿಭಾಗ, ಚಾಪರ್ ಬುಡ, ಡಿಸ್ಚಾರ್ಜ್ ಬಾಯಿಯ ಗ್ಯಾಸ್ಕೆಟ್. ಎಫ್‌ಬಿಡಿಯಲ್ಲಿ (ಬಿಸಿಗಾಳಿಯಿಂದ ಗ್ರಾನ್ಯೂಲ್ ಒಣಗಿಸುವ ಯಂತ್ರ) ತಳದ ಜಾಲರಿಯ ಅಂಚು. ಬ್ಲೆಂಡರಿನಲ್ಲಿ ಬಟರ್‌ಫ್ಲೈ ವಾಲ್ವಿನ ತಟ್ಟೆ ಮತ್ತು ಅದರ ಸೀಲು. ಕಂಪ್ರೆಷನ್ ಯಂತ್ರದಲ್ಲಿ ಫೀಡ್ ಫ್ರೇಮಿನ ಒಳಮೈ, ಟರೆಟ್, ಡೈ ಕೂರುವ ಕುಳಿಗಳು. ಕೋಟಿಂಗ್ ಪ್ಯಾನಿನಲ್ಲಿ ಬ್ಯಾಫಲ್ ಹಿಂಭಾಗ, ಸ್ಪ್ರೇ ಗನ್ ತುದಿ. ಸಪಾಟಾದ, ಕೈಗೆಟಕುವ ಗೋಡೆಯನ್ನಷ್ಟೇ ಸ್ವಾಬ್ ಮಾಡಿ ಪಾಸಾಗುವುದು ಸುಲಭ, ಆದರೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಆದರೆ ಎಫ್‌ಬಿಡಿಯ ಫಿಲ್ಟರ್ ಚೀಲಗಳು ಶುಭ್ರವೆಂದು ಪರೀಕ್ಷೆ ಮಾಡಿ ಸಾಬೀತುಪಡಿಸಲು ಹೋಗಬೇಡಿ. ನೇಯ್ದ ಬಟ್ಟೆಯ ಒಳಗಿರುವುದನ್ನು ಸ್ವಾಬ್ ಹೊರತೆಗೆಯಲಾರದು. ಔಷಧಕ್ಕೊಂದು ಚೀಲ ಇಡುವುದೇ ಸರಿ.

ಕೈ ತೂರದ ಪೈಪು, ಮೆದುಗೊಳವೆಗಳಿಗೆ ರಿನ್ಸ್ ಸ್ಯಾಂಪಲ್ (ಒಳಗೆ ಹಾಯಿಸಿ ಹಿಡಿದ ದ್ರವ) ತೆಗೆಯಿರಿ. ನೆನಪಿರಲಿ, ರಿನ್ಸ್ ನೀರಿನಲ್ಲಿ ಕರಗಿದ್ದಷ್ಟೇ ಲ್ಯಾಬಿಗೆ ಬರುತ್ತದೆ. ನೀರಿನಲ್ಲಿ ಕರಗದ ಔಷಧಕ್ಕೆ ಬರೀ ನೀರಿನ ರಿನ್ಸ್ ತೆಗೆದು "ಇಲ್ಲ" ಎನ್ನುವುದಕ್ಕೆ ಅರ್ಥವಿಲ್ಲ.

ಸ್ವಾಬ್ ತೆಗೆಯುವ ಕ್ರಮ

ಫಲಿತಾಂಶದಲ್ಲಿ ಅತಿ ಹೆಚ್ಚು ಏರುಪೇರು ತರುವ ಹಂತ ಇದು. ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಕೈ ಬದಲಾದರೆ ಸಂಖ್ಯೆ ಬದಲಾಗುತ್ತದೆ.

ಸ್ವಾಬಿನ ತಲೆಭಾಗ ಹೆಣೆದ ಪಾಲಿಯೆಸ್ಟರಿನದಾಗಿರಲಿ, ಅಂಟು ಹಾಕದೆ ಶಾಖದಿಂದ ಬೆಸೆದದ್ದಾಗಿರಲಿ. ಹತ್ತಿಯ ಸ್ವಾಬ್ ಬೇಡ: ನೂಲು ಉದುರುತ್ತದೆ, ಅದರ ಮೈಯಿಂದಲೇ ನಾನಾ ವಸ್ತುಗಳು ಇಳಿಯುತ್ತವೆ. ಒಳ್ಳೆಯ ಸ್ವಾಬನ್ನೂ ಬಳಸುವ ಮುನ್ನ ಮೆಥನಾಲಿನಲ್ಲಿ 10 ನಿಮಿಷ ಸೋನಿಕೇಟ್ (ಶಬ್ದಾತೀತ ತರಂಗದಿಂದ ಅಲುಗಿಸುವುದು) ಮಾಡಿ ಒಣಗಿಸಿಟ್ಟುಕೊಂಡರೆ ಬ್ಲ್ಯಾಂಕ್ (ಔಷಧವಿಲ್ಲದ, ಹೋಲಿಕೆಯ ಸ್ಯಾಂಪಲ್) ಗಮನಾರ್ಹವಾಗಿ ಶುಭ್ರವಾಗುತ್ತದೆ. ಒದ್ದೆ ಮಾಡಲು ಸಾಮಾನ್ಯವಾಗಿ ನೀರು ಮತ್ತು ಮೆಥನಾಲ್ ಅರ್ಧರ್ಧ ಸಾಕು. ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್ ಭಾಗಗಳಿಗೆ ಇಂಥ ದ್ರಾವಕ ಹಚ್ಚಿದರೆ ಕೂದಲೆಳೆಯ ಬಿರುಕು ಬಿಡುತ್ತವೆ. ಅವಕ್ಕೆ ನೀರೇ ಪ್ರಧಾನವಾದ ಬೇರೆ ದ್ರಾವಕ ಆರಿಸಿ, ರಿಕವರಿಯನ್ನೂ (ಮೇಲ್ಮೈಯಲ್ಲಿದ್ದ ಔಷಧದಲ್ಲಿ ಸ್ವಾಬಿಗೆ ಸಿಕ್ಕ ಪಾಲು) ಬೇರೆಯಾಗಿ ತೋರಿಸಿ.

1. ಮೇಲ್ಮೈ ಪೂರ್ತಿ ಒಣಗಿದೆಯೇ, ಕಣ್ಣಿಗೆ ಏನಾದರೂ ಕಾಣುತ್ತಿದೆಯೇ ನೋಡಿ. ಕಂಡರೆ ಸ್ವಾಬ್ ಬೇಡ, ಅಲ್ಲಿಗೇ ಫೇಲ್.

2. ಹೊಸ ನೈಟ್ರೈಲ್ ಕೈಗವಸು ಹಾಕಿ, ಸ್ವಾಬಿನ ತಲೆಯನ್ನು ದ್ರಾವಕದಲ್ಲಿ ಅದ್ದಿ, ವಯಲ್ ಒಳಗೋಡೆಗೆ ಒತ್ತಿ ಹೆಚ್ಚಿನದನ್ನು ಹಿಂಡಿ. ತೊಟ್ಟಿಕ್ಕುವ ಸ್ವಾಬು ಉಳಿಕೆಯನ್ನು ಎತ್ತುವ ಬದಲು ಚೌಕದ ಹೊರಗೆ ತಳ್ಳುತ್ತದೆ.

3. 5 × 5 ಸೆಂ.ಮೀ. ಕಿಂಡಿಯ ಟೆಂಪ್ಲೇಟ್ ಇಟ್ಟು, ಒಂದರ ಮೇಲೊಂದು ಸ್ವಲ್ಪ ಬೀಳುವಂತೆ ಅಡ್ಡಡ್ಡ 10 ಗೀಟು ಎಳೆಯಿರಿ. ಸ್ವಾಬನ್ನು ಮಗುಚಿ, ಇನ್ನೊಂದು ಮುಖದಿಂದ ಉದ್ದುದ್ದ 10 ಗೀಟು. ಒತ್ತಡ ಎಷ್ಟೆಂದರೆ ಹಿಡಿಕೆ ಕೊಂಚ ಬಾಗಬೇಕು.

4. ಒಣ ಸ್ವಾಬಿನಿಂದ ಅದೇ ಚೌಕವನ್ನು ಇನ್ನೊಮ್ಮೆ ಒರೆಸಿ. ಮೊದಲ ಸ್ವಾಬು ಬಿಟ್ಟ ತೇವದಲ್ಲಿ ಕರಗಿ ನಿಂತ ಔಷಧ ಇದಕ್ಕೆ ಹತ್ತುತ್ತದೆ. ಎರಡೂ ತಲೆಗಳನ್ನು ಒಂದೇ ವಯಲ್‌ಗೆ ಮುರಿದು ಹಾಕಿ.

5. ಫೀಲ್ಡ್ ಬ್ಲ್ಯಾಂಕ್ ಮರೆಯಬೇಡಿ: ಅದೇ ಕೋಣೆಯಲ್ಲಿ, ಅದೇ ದ್ರಾವಕದಲ್ಲಿ ಒದ್ದೆ ಮಾಡಿ, ಯಾವುದನ್ನೂ ಮುಟ್ಟಿಸದೆ ವಯಲ್‌ಗೆ ಹಾಕಿದ ಸ್ವಾಬ್.

ಸ್ವಾಬ್ ಮಾಡಿದ ಜಾಗದಲ್ಲಿ ದ್ರಾವಕದ ಕಲೆ ಉಳಿಯದಂತೆ ಮತ್ತೆ ಒರೆಸುವುದೂ ಕ್ರಮದ ಭಾಗ.

ರಿಕವರಿ ಇಲ್ಲದೆ ಸಂಖ್ಯೆಗೆ ಬೆಲೆಯಿಲ್ಲ

ಯಂತ್ರ ಯಾವ ವಸ್ತುವಿನದೋ ಅದೇ ವಸ್ತುವಿನ ಚಿಕ್ಕ ಫಲಕಗಳು, ಅಂದರೆ ಕೂಪನ್‌ಗಳು ಬೇಕು: 316ಎಲ್ ಸ್ಟೀಲ್, ಸಿಲಿಕೋನ್, ಟೆಫ್ಲಾನ್, ಇಪಿಡಿಎಂ ರಬ್ಬರ್. ಲಿಮಿಟಿನ ಶೇ. 50, 100, 150ರಷ್ಟು ಔಷಧವನ್ನು ಸಣ್ಣ ಸಣ್ಣ ಹನಿಗಳಾಗಿ ಚೌಕದ ತುಂಬ ಹರಡಿ, ಪೂರ್ತಿ ಒಣಗಿಸಿ, ಮೇಲಿನ ಕ್ರಮದಲ್ಲೇ ಸ್ವಾಬ್ ಮಾಡಿ. ಪ್ರತಿ ಮಟ್ಟಕ್ಕೂ ಮೂರು. ಸ್ಥಳದಲ್ಲಿ ಸ್ವಾಬ್ ತೆಗೆಯುವ ಪ್ರತಿಯೊಬ್ಬರೂ ಇದನ್ನು ಮಾಡಿ ತೋರಿಸಿರಬೇಕು.

ಸ್ಟೀಲಿನಿಂದ ಶೇ. 70ಕ್ಕಿಂತ ಹೆಚ್ಚು ಸಿಗಬೇಕು. ಶೇ. 50ಕ್ಕಿಂತ ಕೆಳಗೆ ಬಂದರೆ ದ್ರಾವಕವನ್ನೋ ಸ್ವಾಬನ್ನೋ ಬದಲಿಸಬೇಕು. ಸಿಲಿಕೋನ್ ಗ್ಯಾಸ್ಕೆಟ್ ಮೇಲೆ ಕೊಬ್ಬಿನಲ್ಲಿ ಕರಗುವ ಔಷಧ ಹನಿಸಿದರೆ ರಿಕವರಿ ಕುಸಿಯುವುದು ಸಾಮಾನ್ಯ, ಏಕೆಂದರೆ ಔಷಧ ರಬ್ಬರಿನ ಒಳಕ್ಕೆ ಇಳಿಯುತ್ತದೆ. ಅಂಥ ಕಡೆ ಸ್ವಾಬ್ ಗಟ್ಟಿಯಾಗಿ ಉಜ್ಜಿ ಸಂಖ್ಯೆ ಏರಿಸುವುದಕ್ಕಿಂತ ಆ ಗ್ಯಾಸ್ಕೆಟ್ಟನ್ನು ಔಷಧಕ್ಕೊಂದರಂತೆ ಮೀಸಲಿಡುವುದು ಉತ್ತಮ.

ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗೆಂದು ಗೊತ್ತಿರುವ ಪ್ರಮಾಣದಲ್ಲಿ ಬೆರೆಸುವ ವಸ್ತು) ಬಳಸುತ್ತಿದ್ದೇವಲ್ಲ, ರಿಕವರಿ ತಾನೇ ಸರಿಹೋಗುತ್ತದೆ ಎಂಬ ತಪ್ಪು ತಿಳಿವಳಿಕೆ ಆಗಾಗ ಎದುರಾಗುತ್ತದೆ. ಇಂಟರ್ನಲ್ ಸ್ಟ್ಯಾಂಡರ್ಡ್ ಸೇರುವುದು ಸ್ವಾಬ್ ವಯಲ್‌ಗೆ ಬಿದ್ದ ಮೇಲೆ. ಅಲ್ಲಿಂದ ಮುಂದಿನ ನಷ್ಟವನ್ನು ಅದು ಸರಿದೂಗಿಸುತ್ತದೆ. ಸ್ಟೀಲಿನ ಮೇಲೇ ಉಳಿದುಹೋದ ಔಷಧದ ಸುದ್ದಿ ಅದಕ್ಕೆ ಗೊತ್ತಿಲ್ಲ.

ಸ್ವಾಬಿನಿಂದ ಇಂಜೆಕ್ಷನ್‌ವರೆಗೆ

ವಯಲ್‌ಗೆ ಇಂಟರ್ನಲ್ ಸ್ಟ್ಯಾಂಡರ್ಡ್ ಇರುವ 5 ಮಿ.ಲೀ. ದ್ರಾವಕ ಹಾಕಿ, 10 ನಿಮಿಷ ಸೋನಿಕೇಟ್ ಮಾಡಿ, ಒಂದು ನಿಮಿಷ ವೋರ್ಟೆಕ್ಸ್ (ಸುಳಿಯಂತೆ ಕುಲುಕುವುದು) ಮಾಡಿ. ಸೋನಿಕೇಟರಿನ ನೀರು ಬಿಸಿಯಾಗುತ್ತದೆ. ಬೇಗ ಕೆಡುವ ಔಷಧವಾದರೆ ಐಸ್ ಹಾಕಿ. ಸೋಸುವುದಾದರೆ ಪಿಟಿಎಫ್ಇ ಫಿಲ್ಟರ್, ಮೊದಲ 1 ಮಿ.ಲೀ. ಚೆಲ್ಲಿಬಿಡಿ. ನೈಲಾನ್ ಫಿಲ್ಟರ್ ಕೆಲವು ಔಷಧಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮಿ.ಲೀ.ಗೆ 5 ನ್ಯಾನೊಗ್ರಾಂ ಮಟ್ಟದಲ್ಲಿ ಕ್ಷಾರೀಯ, ಜಿಡ್ಡಿನ ಸ್ವಭಾವದ ಔಷಧಗಳು ಗಾಜಿಗೇ ಅಂಟಿಕೊಳ್ಳುತ್ತವೆ. ಪತ್ತೆ ಹಚ್ಚುವುದು ಸುಲಭ: ಅತಿ ಕಡಿಮೆ ಸಾಂದ್ರತೆಯ ಸ್ಟ್ಯಾಂಡರ್ಡನ್ನು (ಔಷಧದ ಪ್ರಮಾಣ ಗೊತ್ತಿರುವ ದ್ರಾವಣ) ಒಂದು ವಯಲ್‌ನಿಂದ ಇನ್ನೊಂದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಸುರಿದು, ಮೂರನ್ನೂ ಇಂಜೆಕ್ಟ್ ಮಾಡಿ. ಪೀಕು ಹಂತಹಂತವಾಗಿ ಇಳಿದರೆ ಅಂಟುತ್ತಿದೆ ಎಂದರ್ಥ. ದ್ರಾವಕದಲ್ಲಿ ಮೆಥನಾಲ್ ಪಾಲು ಹೆಚ್ಚಿಸಿ, ಶೇ. 0.1 ಫಾರ್ಮಿಕ್ ಆಸಿಡ್ ಸೇರಿಸಿ, ಇಲ್ಲವೇ ಪಾಲಿಪ್ರೊಪಿಲೀನ್ ವಯಲ್‌ಗೆ ಬದಲಾಯಿಸಿ.

ಲಿಕ್ವಿಡ್ ಕ್ರೊಮ್ಯಾಟೋಗ್ರಫಿಗೆ 50 × 2.1 ಮಿ.ಮೀ. ಸಿ18 ಕಾಲಮ್, ನಿಮಿಷಕ್ಕೆ 0.4 ಮಿ.ಲೀ. ಹರಿವು, ಶೇ. 0.1 ಫಾರ್ಮಿಕ್ ಆಸಿಡ್ ಇರುವ ನೀರು ಮತ್ತು ಅಸಿಟೋನೈಟ್ರೈಲ್ ಒಳ್ಳೆಯ ಆರಂಭ. ಅಸಿಟೋನೈಟ್ರೈಲ್ ಪಾಲು ಶೇ. 5ರಿಂದ 95ಕ್ಕೆ ಏರುವ ಗ್ರೇಡಿಯೆಂಟ್, ಒಟ್ಟು 4 ನಿಮಿಷ, ಇಂಜೆಕ್ಷನ್ 2 ಮೈಕ್ರೊಲೀಟರ್. ಸ್ವಾಬ್ ದ್ರಾವಕದಲ್ಲಿ ಮೆಥನಾಲ್ ಹೆಚ್ಚಿದ್ದು ಇಂಜೆಕ್ಷನ್ ಪ್ರಮಾಣವೂ ಹೆಚ್ಚಾದರೆ ಪೀಕು ಸೀಳುತ್ತದೆ. ಸಮಪ್ರಮಾಣದ ನೀರು ಬೆರೆಸಿ ಹಾಕಿದರೆ ಸರಿಹೋಗುತ್ತದೆ. ಫಾಸ್ಫೇಟ್ ಬಫರ್ ಈ ಯಂತ್ರದ ಹತ್ತಿರ ಸುಳಿಯಬಾರದು, ಆವಿಯಾಗದೆ ಸೋರ್ಸಿನಲ್ಲಿ (ಅಣುಗಳನ್ನು ಅಯಾನು ಮಾಡುವ ಭಾಗ) ಉಪ್ಪಾಗಿ ಕೂರುತ್ತದೆ. ಟ್ರೈಈಥೈಲಮೀನ್ ಒಮ್ಮೆ ಹೊಕ್ಕರೆ ಎಂ/ಝಡ್ (ಅಯಾನಿನ ತೂಕ ಮತ್ತು ವಿದ್ಯುದಾವೇಶದ ಅನುಪಾತ) 102ರ ಸಿಗ್ನಲ್ ಬಹುಕಾಲ ಬಿಡುವುದಿಲ್ಲ. ಮೊದಲ 0.6 ನಿಮಿಷದ ಹರಿವನ್ನು ಡೈವರ್ಟ್ ವಾಲ್ವ್ ಮೂಲಕ ವೇಸ್ಟಿಗೆ ಕಳಿಸಿ. ಡಿಟರ್ಜೆಂಟಿನ ಲವಣಗಳು ಅಲ್ಲೇ ಹೋಗಿಬಿಡಲಿ.

ಔಷಧಕ್ಕೆ ಎರಡು ಎಂಆರ್‌ಎಂ ಟ್ರಾನ್ಸಿಷನ್ (ಔಷಧದ ಅಯಾನು ಮತ್ತು ಅದು ಒಡೆದಾಗ ಬರುವ ಚೂರಿನ ಜೋಡಿ) ಆರಿಸಿ: ಒಂದು ಅಳತೆಗೆ, ಒಂದು ಗುರುತಿನ ಖಾತರಿಗೆ. ಬರೀ ನೀರಿನ ಅಣು ಕಳಚುವ ಟ್ರಾನ್ಸಿಷನ್ ಸಿಗ್ನಲ್ ಜೋರಾಗಿ ಕಂಡರೂ ಹಲವು ವಸ್ತುಗಳು ಹಾಗೇ ಒಡೆಯುವುದರಿಂದ ನೆಚ್ಚಿಕೊಳ್ಳಬೇಡಿ. ಪೀಕಿನ ಅಗಲದಲ್ಲಿ 12ರಿಂದ 15 ಬಿಂದುಗಳು ಬರುವಂತೆ ಡ್ವೆಲ್ ಟೈಮ್ (ಪ್ರತಿ ಅಳತೆಗೆ ಕೊಡುವ ಸಮಯ) ಇಡಿ. ಎಲ್ಲ ಔಷಧವೂ ಎಲೆಕ್ಟ್ರೊಸ್ಪ್ರೇಗೆ (ದ್ರವವನ್ನು ಸಿಂಪಡಿಸಿ ಅಯಾನು ಮಾಡುವ ವಿಧಾನ) ಒಗ್ಗುವುದಿಲ್ಲ ಎಂಬುದೂ ಗೊತ್ತಿರಲಿ. ಪ್ರೋಟಾನ್ ಹಿಡಿಯುವ ಸಾರಜನಕವೇ ಇಲ್ಲದ ಎಥಿನೈಲ್ ಎಸ್ಟ್ರಡಯಾಲ್‌ನಂಥ ಹಾರ್ಮೋನಿಗೆ ಸಿಗ್ನಲ್ ಬಡಕಲು. ಅದಕ್ಕೆ ಡ್ಯಾನ್ಸೈಲ್ ಕ್ಲೋರೈಡಿನಿಂದ ಡೆರಿವೇಟೈಸ್ (ರಾಸಾಯನಿಕವಾಗಿ ಮಾರ್ಪಡಿಸುವುದು) ಮಾಡುವಂಥ ದಾರಿ ಹಿಡಿಯಬೇಕಾಗುತ್ತದೆ.

ಕ್ಯಾಲಿಬ್ರೇಶನ್ 5ರಿಂದ 100 ನ್ಯಾನೊಗ್ರಾಂ/ಮಿ.ಲೀ.ವರೆಗೆ ಆರು ಮಟ್ಟ, 1/ಎಕ್ಸ್² ತೂಕದೊಂದಿಗೆ (ಕಡಿಮೆ ಮಟ್ಟಗಳಿಗೆ ಹೆಚ್ಚು ಮಹತ್ವ). ಸ್ಟ್ಯಾಂಡರ್ಡುಗಳನ್ನು ಬರೀ ದ್ರಾವಕದಲ್ಲಲ್ಲ, ಬ್ಲ್ಯಾಂಕ್ ಸ್ವಾಬಿನ ಸಾರದಲ್ಲಿ ತಯಾರಿಸಿ.

ಉಳಿಕೆ ಇದ್ದೂ ಕಾಣದಿರುವುದು

ಈ ಪರೀಕ್ಷೆಯ ನಿಜವಾದ ಅಪಾಯ ಇಲ್ಲಿದೆ. ಯುವಿಯಲ್ಲಿ ಬೇರೆ ವಸ್ತು ಬೆರೆತರೆ ಪೀಕು ಸಾಮಾನ್ಯವಾಗಿ ದೊಡ್ಡದಾಗುತ್ತದೆ, ಆಗ ನಾವು ಎಚ್ಚರಗೊಳ್ಳುತ್ತೇವೆ. ಎಲೆಕ್ಟ್ರೊಸ್ಪ್ರೇಯಲ್ಲಿ ಬೇರೆ ವಸ್ತು ಅದೇ ಹೊತ್ತಿಗೆ ಕಾಲಮಿನಿಂದ ಹೊರಬಂದರೆ ಔಷಧದ ಪೀಕು ಕುಗ್ಗುತ್ತದೆ. ಅಂದರೆ ಮಾತ್ರೆ ತಯಾರಿಸುವ ಯಂತ್ರ ಕೊಳಕಾಗಿದ್ದಷ್ಟೂ ಫಲಿತಾಂಶ ಶುಭ್ರವಾಗಿ ಕಾಣಬಹುದು. ಇದಕ್ಕೆ ಅಯಾನ್ ಸಪ್ರೆಷನ್ ಎನ್ನುತ್ತಾರೆ.

ಕಾರಣಕರ್ತರು ಯಾರೆಂಬುದು ಗೊತ್ತಿರುವ ವಿಷಯವೇ. ಮಾತ್ರೆಯ ಫಿಲ್ಮ್ ಕೋಟಿಂಗಿನ ಮ್ಯಾಕ್ರೊಗಾಲ್, ಅಂದರೆ ಪಿಇಜಿ, ಕ್ರೊಮ್ಯಾಟೋಗ್ರಾಮಿನಲ್ಲಿ ಅಗಲವಾಗಿ ಹರಡುತ್ತದೆ. ಸ್ಕ್ಯಾನ್ ತೆಗೆದರೆ 44 ಘಟಕಗಳ ಅಂತರದಲ್ಲಿ ಸಾಲು ಸಾಲು ಅಯಾನುಗಳು ಕಾಣುತ್ತವೆ. ಪಾಲಿಸಾರ್ಬೇಟ್ ಇನ್ನೊಂದು. ಸೋಡಿಯಂ ಲಾರಿಲ್ ಸಲ್ಫೇಟ್ ಡಿಟರ್ಜೆಂಟಿನಿಂದಲೂ ಬರಬಹುದು, ಮಾತ್ರೆಯ ಒಳಗಿನಿಂದಲೂ ಬರಬಹುದು. ಪ್ಲಾಸ್ಟಿಕ್ಕಿನಿಂದ ಇಳಿದು ಎಂ/ಝಡ್ 391ರಲ್ಲಿ ಬರುವ ಥ್ಯಾಲೇಟ್, 282ರಲ್ಲಿ ಬರುವ ಓಲಿಯಮೈಡ್ ಎಲ್ಲ ಲ್ಯಾಬಿನ ಖಾಯಂ ಅತಿಥಿಗಳು.

ಪರೀಕ್ಷಿಸುವುದು ಹೀಗೆ. ಔಷಧದ ಸ್ಟ್ಯಾಂಡರ್ಡನ್ನು ಸಿರಿಂಜ್ ಪಂಪಿನಿಂದ ಕಾಲಮಿನ ಆಚೆ, ಟಿ ಜೋಡಣೆಯ ಮೂಲಕ ಒಂದೇ ಸಮನೆ ಹರಿಯಬಿಡಿ; ಪರದೆಯ ಮೇಲೆ ನೇರವಾದ ಗೆರೆ ಬರುತ್ತದೆ. ಈಗ ಔಷಧವಿಲ್ಲದ ಪ್ಲಸೀಬೊ ಮಾತ್ರೆಯ ಪುಡಿ ಮತ್ತು ಡಿಟರ್ಜೆಂಟ್ ಹಚ್ಚಿದ ಕೂಪನ್ನಿನ ಸ್ವಾಬ್ ಸಾರವನ್ನು ಇಂಜೆಕ್ಟ್ ಮಾಡಿ. ಗೆರೆ ಎಲ್ಲಿ ಕುಸಿಯುತ್ತದೋ ಆ ಹೊತ್ತಿನಲ್ಲಿ ಔಷಧದ ಪೀಕು ಬರುವಂತಿರಬಾರದು. ಬರುತ್ತಿದ್ದರೆ ಗ್ರೇಡಿಯೆಂಟ್ ನಿಧಾನಗೊಳಿಸಿ ಸರಿಸಿ. ನಂತರ ಅಂಕಿಯಲ್ಲಿ ನೋಡಿ: ಸ್ವಾಬ್ ಸಾರಕ್ಕೆ ಕೊನೆಯಲ್ಲಿ ಬೆರೆಸಿದ ಔಷಧದ ಪೀಕು, ದ್ರಾವಕದಲ್ಲಿನ ಅಷ್ಟೇ ಔಷಧದ ಪೀಕಿನ ಶೇ. 85ರಿಂದ 115ರ ಒಳಗಿರಬೇಕು. ಡ್ಯೂಟೀರಿಯಂ ಅಥವಾ ಕಾರ್ಬನ್-13 ಇರುವ ಇಂಟರ್ನಲ್ ಸ್ಟ್ಯಾಂಡರ್ಡ್ ಸಿಕ್ಕರೆ ಖರ್ಚಿಗೆ ಹಿಂಜರಿಯಬೇಡಿ. ಅದು ಔಷಧದ ಜೊತೆಗೇ ಹೊರಬಂದು ಜೊತೆಗೇ ಕುಗ್ಗುತ್ತದೆ. ಸ್ಯಾಂಪಲ್ಲಿನಲ್ಲಿ ಅದರ ಪೀಕು ಸ್ಟ್ಯಾಂಡರ್ಡಿಗಿಂತ ಅರ್ಧಕ್ಕೆ ಇಳಿದಿದ್ದರೆ, ಔಷಧದ ಸಂಖ್ಯೆ ಪಾಸಾಗಿದ್ದರೂ ಆ ಸ್ವಾಬಿನಲ್ಲಿ ಬೇರೇನೋ ಇದೆ ಎಂದು ತಿಳಿದು ಹುಡುಕಿ.

ಇನ್ನೊಂದು ಬಲೆ: ಎಂಆರ್‌ಎಂ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. ಎನಲಾಪ್ರಿಲ್ ಒಂದು ಎಸ್ಟರ್. ಲೈನನ್ನು ಕ್ಷಾರೀಯ ಡಿಟರ್ಜೆಂಟಿನಿಂದ ತೊಳೆದರೆ ಅದು ಒಡೆದು ಎನಲಾಪ್ರಿಲಾಟ್ ಆಗುತ್ತದೆ. ನೀವು 377ರಿಂದ 234ರ ಟ್ರಾನ್ಸಿಷನ್ ಒಂದನ್ನೇ ನೋಡುತ್ತಿದ್ದರೆ ಪರದೆ ಖಾಲಿ. ಆದರೆ ದೇಹದಲ್ಲಿ ರಕ್ತದೊತ್ತಡ ಇಳಿಸುವ ಕೆಲಸ ಮಾಡುವುದು ಎನಲಾಪ್ರಿಲಾಟೇ. ಎನಲಾಪ್ರಿಲ್ ಅದರ ಹಿಂದಿನ ರೂಪ ಮಾತ್ರ. ಮಾಯವಾಯಿತು ಅಂದುಕೊಂಡದ್ದು ಕೆಲಸ ಮಾಡುವ ರೂಪದಲ್ಲೇ ಸ್ಟೀಲಿನ ಮೇಲೆ ಕೂತಿರುತ್ತದೆ. 349ರಿಂದ 206ನ್ನೂ ವಿಧಾನಕ್ಕೆ ಸೇರಿಸಿದರೆ ಅದು ಕಾಣುತ್ತದೆ. ಯಾವ ಔಷಧವೇ ಆಗಲಿ, ವಿಧಾನ ರೂಪಿಸುವ ಮೊದಲು ಔಷಧವನ್ನು ತೊಳೆಯುವ ದ್ರಾವಣದಲ್ಲೇ, ತೊಳೆಯುವ ಉಷ್ಣತೆಯಲ್ಲೇ ಅಷ್ಟೇ ಹೊತ್ತು ಇಟ್ಟು, ಫುಲ್ ಸ್ಕ್ಯಾನಿನಲ್ಲಿ ಏನೇನು ಹುಟ್ಟಿತು ನೋಡಿ. ಪ್ರೋಟೀನ್ ಔಷಧಗಳು ಕ್ಷಾರದ ಬಿಸಿಗೆ ಚೂರುಚೂರಾಗುವುದರಿಂದ ಅವುಗಳಿಗೆ ಟಿಒಸಿ (ಒಟ್ಟು ಸಾವಯವ ಇಂಗಾಲ) ಪರೀಕ್ಷೆಯೇ ಹೆಚ್ಚು ಸೂಕ್ತ.

ಇಲ್ಲದ್ದು ಕಾಣುವುದು

ತದ್ವಿರುದ್ಧ ತೊಂದರೆಯೂ ಉಂಟು. ಅಸ್ಸೇ (ಮಾತ್ರೆಯಲ್ಲಿನ ಔಷಧದ ಪ್ರಮಾಣ ಅಳೆಯುವ) ಪರೀಕ್ಷೆಗೆಂದು ಅದೇ ಔಷಧವನ್ನು ಮಿಲಿಗ್ರಾಂಗಟ್ಟಲೆ ತೂಗುವ ಮೇಜಿನ ಮೇಲೆ ಸ್ವಾಬ್ ವಯಲ್ ತೆರೆದರೆ, ಸಿಗುವ ಪೀಕು ಕಾರ್ಖಾನೆಯದಲ್ಲ, ಲ್ಯಾಬಿನದು. ಕ್ಲೀನಿಂಗ್ ಸ್ಯಾಂಪಲ್ಲಿಗೆ ಬೇರೆ ಮೇಜು, ಬೇರೆ ಪಿಪೆಟ್, ಒಮ್ಮೆ ಬಳಸಿ ಎಸೆಯುವ ವಯಲ್ ಇಡಿ. ತೊಳೆದ ವಾಲ್ಯುಮೆಟ್ರಿಕ್ ಫ್ಲಾಸ್ಕುಗಳನ್ನು ನಂಬಬೇಡಿ. ಆಟೊಸ್ಯಾಂಪ್ಲರ್ ಸೂಜಿಯ ಕ್ಯಾರಿಓವರ್ (ಹಿಂದಿನ ಇಂಜೆಕ್ಷನ್ನಿನ ಉಳಿಕೆ) ನೋಡಲು ಅತಿ ಹೆಚ್ಚಿನ ಸ್ಟ್ಯಾಂಡರ್ಡಿನ ಬೆನ್ನಿಗೇ ಬ್ಲ್ಯಾಂಕ್ ಹಾಕಿ. ಅದರಲ್ಲಿ ಬರುವ ಪೀಕು ಅತಿ ಕಡಿಮೆ ಸ್ಟ್ಯಾಂಡರ್ಡಿನ ಶೇ. 20 ಮೀರಿದರೆ ನೀಡಲ್ ವಾಶ್‌ನಲ್ಲಿ ಅಸಿಟೋನೈಟ್ರೈಲ್, ಐಸೊಪ್ರೊಪನಾಲ್ ಪಾಲು ಹೆಚ್ಚಿಸಿ.

ರನ್ ಮತ್ತು ಲೆಕ್ಕ

ಸೀಕ್ವೆನ್ಸ್ ಹೀಗಿರಲಿ: ದ್ರಾವಕದ ಬ್ಲ್ಯಾಂಕ್, ಸ್ವಾಬ್ ಬ್ಲ್ಯಾಂಕ್, ಕ್ಯಾಲಿಬ್ರೇಶನ್, ಲಿಮಿಟ್ ಮಟ್ಟದ ಸ್ಟ್ಯಾಂಡರ್ಡ್ ಆರು ಬಾರಿ (ಆರ್‌ಎಸ್‌ಡಿ, ಅಂದರೆ ಏರುಪೇರು, ಶೇ. 10ರೊಳಗೆ), ಬ್ಲ್ಯಾಂಕ್, ಫೀಲ್ಡ್ ಬ್ಲ್ಯಾಂಕ್, ಸ್ಯಾಂಪಲ್‌ಗಳು, ಪ್ರತಿ 10 ಸ್ಯಾಂಪಲ್ಲಿಗೊಂದು ಚೆಕ್ ಸ್ಟ್ಯಾಂಡರ್ಡ್. ಕೊನೆಯಲ್ಲಿ ಅತಿ ಕಡಿಮೆ ಸ್ಟ್ಯಾಂಡರ್ಡನ್ನು ಇನ್ನೊಮ್ಮೆ ಹಾಕಿ. ಇದು ಕಂಡರೆ ಮಾತ್ರ ನಡುವಿನ "ಪತ್ತೆಯಾಗಿಲ್ಲ" ಎಂಬುದಕ್ಕೆ ಬಲ. ಸೋರ್ಸ್ ಕೊಳೆಯಾಗಿ ಸಂವೇದನೆ ಇಳಿದಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಲೆಕ್ಕ: ಸಾಂದ್ರತೆಯನ್ನು 5 ಮಿ.ಲೀ.ನಿಂದ ಗುಣಿಸಿ, ಆ ವಸ್ತುವಿನ ರಿಕವರಿಯಿಂದ ಭಾಗಿಸಿ, 25ರಿಂದ ಭಾಗಿಸಿ. ಯಂತ್ರ ಮಿ.ಲೀ.ಗೆ 12 ನ್ಯಾನೊಗ್ರಾಂ ತೋರಿಸಿ ರಿಕವರಿ 0.80 ಇದ್ದರೆ, 60 ನ್ಯಾನೊಗ್ರಾಂ 75 ಆಗುತ್ತದೆ, ಚದರ ಸೆಂಟಿಮೀಟರಿಗೆ 3 ನ್ಯಾನೊಗ್ರಾಂ. ಲಿಮಿಟ್ 10, ಪಾಸ್. ರಿಕವರಿಯನ್ನು ಲಿಮಿಟಿಗೂ ಅನ್ವಯಿಸಿ ಫಲಿತಾಂಶಕ್ಕೂ ಅನ್ವಯಿಸುವ ತಪ್ಪು ಆಗಾಗ ನುಸುಳುತ್ತದೆ. ಎರಡರಲ್ಲಿ ಒಂದೇ ಕಡೆ ಸಾಕು.

ಫೇಲ್ ಆದರೆ ಕೂಡಲೇ ಮತ್ತೆ ತೊಳೆಸಿ ಹೊಸ ಸ್ವಾಬ್ ಕಳಿಸುವ ಆತುರ ಬೇಡ. ಮೊದಲು ಫೀಲ್ಡ್ ಬ್ಲ್ಯಾಂಕ್, ಕ್ಯಾರಿಓವರ್ ಬ್ಲ್ಯಾಂಕ್, ಎರಡು ಟ್ರಾನ್ಸಿಷನ್‌ಗಳ ಅನುಪಾತ ನೋಡಿ. ಅನುಪಾತ ಸ್ಟ್ಯಾಂಡರ್ಡಿಗಿಂತ ಶೇ. 30ಕ್ಕೂ ಹೆಚ್ಚು ಆಚೀಚೆ ಇದ್ದರೆ ಅದು ನಿಮ್ಮ ಔಷಧವೇ ಅಲ್ಲದಿರಬಹುದು. ಅನುಪಾತವೂ ಸರಿಯಿದ್ದು ಬ್ಲ್ಯಾಂಕ್‌ಗಳೂ ಶುಭ್ರವಾಗಿದ್ದರೆ ಲ್ಯಾಬನ್ನು ಬಿಟ್ಟು ತೊಳೆಯುವ ಕಡೆ ಹೋಗಿ: ಬ್ಯಾಚ್ ಮುಗಿದು ಎಷ್ಟು ಗಂಟೆ ಬಿಟ್ಟು ತೊಳೆದರು, ನೀರಿನ ಉಷ್ಣತೆ ಎಷ್ಟಿತ್ತು, ಸ್ಪ್ರೇ ಬಾಲಿನ ರಂಧ್ರ ಕಟ್ಟಿತ್ತೇ, ಗ್ಯಾಸ್ಕೆಟ್ ಬಿಚ್ಚಿ ತೊಳೆದರೇ ಇಲ್ಲವೇ. ಪೊವಿಡೋನ್ ಬೈಂಡರ್ ಇರುವ ಗ್ರಾನ್ಯೂಲ್ ಒಣಗಿ ಗಟ್ಟಿಯಾದ ಮೇಲೆ, ಹಸಿಯಾಗಿದ್ದಾಗ ಹೋಗುತ್ತಿದ್ದಷ್ಟು ಸುಲಭವಾಗಿ ಹೋಗುವುದಿಲ್ಲ. ಆದ್ದರಿಂದ ವ್ಯಾಲಿಡೇಶನ್ನಿನ ಸ್ವಾಬ್‌ಗಳನ್ನು, ತೊಳೆಯದೆ ಬಿಡಬಹುದಾದ ಗರಿಷ್ಠ ಅವಧಿ ಪೂರ್ತಿ ಕಾಯಿಸಿ ತೊಳೆದ ಯಂತ್ರದಿಂದಲೇ ತೆಗೆಯಬೇಕು.